ಕಾಲು ತಾಗಿದ ಗಳಿಗೆ

ದುಂಡಪ್ಪನ ಕಾಲುಗಳು ದಿನಾ ಬೆಳಿಗ್ಗೆ ಏಳು ಗಂಟೆಗೆ ಡ್ಯೂಟಿಗೆ ಹೋಗುತ್ತಿದ್ದವು. ದುಂಡಪ್ಪ ಮಾತ್ರ ಬೆಳಗಾವಿ ಬಿಟ್ಟು ಕದಲುತ್ತಿರಲಿಲ್ಲ.

ಇದೇನು ಒಗಟಲ್ಲ. ಮೂರು ವರ್ಷದ ಹಿಂದಿನ ಯುದ್ಧದಲ್ಲಿ, ಉತ್ತರದ ಹಿಮಗಡಿಯಲ್ಲಿ, ಹವಾಲ್ದಾರ್ ದುಂಡಪ್ಪ ಮುರಗೋಡನ ಎರಡೂ ಕಾಲುಗಳು ಮೊಣಕಾಲಿನ ಮೇಲಿನಿಂದಲೇ ಹೋದವು. ಕಾಲು ಹೋದರೂ ಕಾಲಿನ ನರ ಹೋಗುವುದಿಲ್ಲ. ಅದು ತೊಡೆಯ ತುದಿಯಲ್ಲಿ ಕುಳಿತು ಇಲ್ಲದ ಪಾದಕ್ಕೆ ‘ಎತ್ತು, ಇಡು’ ಎಂದು ಹೇಳುತ್ತಲೇ ಇರುತ್ತದೆ. ಪಾದದಿಂದ ಉತ್ತರ ಬರಲಿಲ್ಲವೆಂದು ನೋಯುತ್ತಲೂ ಇರುತ್ತದೆ. ಕಾಲು ಕಳೆದುಕೊಂಡ ಯಾರನ್ನು ಬೇಕಾದರೂ ಕೇಳಿ, ಇಲ್ಲದ ಹೆಬ್ಬೆರಳಿನ ತುರಿಕೆಯಂಥ ತುರಿಕೆ ಲೋಕದಲ್ಲೇ ಇಲ್ಲ ಎನ್ನುತ್ತಾರೆ. ಹೀಗೆ ಸುಮ್ಮನೆ ಕೂಗಿಕೊಳ್ಳುತ್ತಿರುವ ನರಕ್ಕೆ ಬೇರೆಲ್ಲೋ ಇರುವ ಒಂದು ಜೊತೆ ಕಾಲು ಕೊಟ್ಟರೆ ಹೇಗೆ ಎಂದು ಯಾರೋ ವಿಜ್ಞಾನಿಗೆ ಹೊಳೆಯಿತು.

ಕೊಟ್ಟರು. ನರದ ತುದಿಗೆ ಕೂದಲಿಗಿಂತ ತೆಳುವಾದ ತಂತಿಗಳ ಬಳೆ ತೊಡಿಸಿದರು. ಬಳೆಯಿಂದ ಕುರ್ಚಿಗೆ, ಕುರ್ಚಿಯಿಂದ ಉಪಗ್ರಹಕ್ಕೆ, ಅಲ್ಲಿಂದ ಹದಿನೆಂಟು ಸಾವಿರ ಅಡಿ ಎತ್ತರದ ಹಿಮದಲ್ಲಿ ಹೊರೆ ಹೊರುವ ಎರಡು ಕಾಲಿನ ಯಂತ್ರಕ್ಕೆ ಸಂಪರ್ಕ. ಆ ಯಂತ್ರಕ್ಕೆ ತಲೆಯಿಲ್ಲ, ಕೈಯಿಲ್ಲ. ಎರಡು ಉಕ್ಕಿನ ಕಾಲು, ಸೊಂಟದ ಮೇಲೆ ಹೊರೆ ಕಟ್ಟುವ ಚೌಕಟ್ಟು, ಅದಕ್ಕೊಂದು ಕ್ಯಾಮೆರಾ. ಅಲ್ಲಿನ ಗಡಿ ಠಾಣೆಯ ಸೈನಿಕರು ಅದನ್ನು ಖಚ್ಚರ್, ಅಂದರೆ ಹೇಸರಗತ್ತೆ ಎಂದು ಕರೆಯುತ್ತಿದ್ದರು. ಬರೀ ಕಂಪ್ಯೂಟರ್ ನಡೆಸಿದಾಗ ಅದು ವಾರಕ್ಕೊಮ್ಮೆ ಹಿಮದ ಬಿರುಕಿಗೆ ಬೀಳುತ್ತಿತ್ತು. ಕೆಳಗೆ ಟೊಳ್ಳಿದೆಯೋ ಗಟ್ಟಿಯಿದೆಯೋ ಎಂಬುದು ಮನುಷ್ಯನ ಪಾದಕ್ಕೆ ಮನಸ್ಸಿಗಿಂತ ಮೊದಲೇ ತಿಳಿಯುತ್ತದಲ್ಲ, ಅದು ಕಂಪ್ಯೂಟರಿಗೆ ಬರಲಿಲ್ಲ. ಹಾಗಾಗಿ ಬೀಳದಂತೆ ತೂಗಿಕೊಳ್ಳುವುದು ಯಂತ್ರದ ಕೆಲಸ, ಹೆಜ್ಜೆ ಎಲ್ಲಿಡಬೇಕೆಂಬುದು ದುಂಡಪ್ಪನ ಕೆಲಸ ಎಂದಾಯಿತು.

ಬೆಳಗಾವಿಯ ಹೊರವಲಯದ ಆ ಕೇಂದ್ರದಲ್ಲಿ ಇಂಥ ಆರು ಕುರ್ಚಿಗಳಿದ್ದವು, ಆರು ಬೇರೆ ಬೇರೆ ಕೋಣೆಗಳಲ್ಲಿ. ಒಬ್ಬರ ಮಾತು ಇನ್ನೊಬ್ಬರ ನಡಿಗೆ ಕೆಡಿಸಬಾರದೆಂದು ಹಾಗೆ. ದುಂಡಪ್ಪ ದಿನಕ್ಕೆ ಎಂಟು ಗಂಟೆ ಬಿಳಿ ಗೋಡೆಯ ಕೋಣೆಯಲ್ಲಿ ಒಬ್ಬನೇ ಕೂರುತ್ತಿದ್ದ. ಕನ್ನಡಿಯಂಥ ಗಾಜಿನ ಆಚೆ ಡಾಕ್ಟರ್ ಮಾನಿನಿ ಶೆಣೈ ಇರುತ್ತಿದ್ದರು. ಮಂಗಳೂರಿನ ಕಡೆಯವರು, ನರಗಳ ಎಂಜಿನಿಯರು. ಅವರ ದನಿ ಕಿವಿಯಲ್ಲಿ ಬರುತ್ತಿತ್ತು. ಠಾಣೆಯ ಸುಬೇದಾರ್ ರಿಗ್ಜಿನ್‌ನ ಹಿಂದಿಯೂ ಆಗೊಮ್ಮೆ ಈಗೊಮ್ಮೆ ಬರುತ್ತಿತ್ತು. ಉಳಿದಂತೆ ಅವನಿಗೆ ಜೊತೆಯೆಂದರೆ ಅಂಗಾಲಿಗೆ ತಾಗುವ ಹಿಮ.

ಸಂಜೆ ನಾಲ್ಕಕ್ಕೆ ವ್ಯಾನು ಅವನನ್ನು ಮನೆಗೆ ತಂದು ಬಿಡುತ್ತಿತ್ತು. ಹೆಂಡತಿ ಕಸ್ತೂರಿ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ವಾರ್ಡನ್. ಅರವತ್ತು ಹುಡುಗಿಯರನ್ನು ಒಂದು ಕಣ್ಸನ್ನೆಯಲ್ಲಿ ಸುಮ್ಮನಾಗಿಸುವ ಆಕೆಗೆ ಈ ಗಂಡನೊಬ್ಬನನ್ನು ದಾರಿಗೆ ತರಲಾಗಿರಲಿಲ್ಲ. ದಿನವಿಡೀ ಹಿಮದಲ್ಲಿ ನಡೆದ ಕಾಲು ಮನೆಗೆ ಬಂದ ಮೇಲೂ ತಣ್ಣಗೇ ಇರುತ್ತಿತ್ತು. ಹೊರಗೆ ಬಿಸಿಲಿರಲಿ, ಸೆಕೆಯಿರಲಿ, ದುಂಡಪ್ಪ ಮಂಚದ ಮೇಲೆ ಕುಳಿತು ನಡುಗುತ್ತಿದ್ದ. ಕಸ್ತೂರಿ ಎರಡು ಕೌದಿ ತಂದು ಅವನ ತೊಡೆ ಮುಗಿದಲ್ಲಿಂದ ಮುಂದೆ, ಮಂಚದ ಖಾಲಿ ಜಾಗಕ್ಕೆ ಹೊದಿಸುತ್ತಿದ್ದಳು. ವಿಚಿತ್ರವೆಂದರೆ ಐದು ನಿಮಿಷದಲ್ಲಿ ನಡುಕ ನಿಲ್ಲುತ್ತಿತ್ತು. ಮೊದಲ ಸಲ ಹಾಗೆ ಹೊದಿಸಿದಾಗ ಇಬ್ಬರೂ ನಕ್ಕಿದ್ದರು. ಆಮೇಲೆ ಆಕೆ ಅಡುಗೆಮನೆಗೆ ಹೋಗಿ ಅತ್ತಿದ್ದು ಅವನಿಗೆ ಕೇಳಿಸಿತ್ತು.

ಆ ಕೌದಿಗಳನ್ನು ಮಡಚಿಡುತ್ತಿದ್ದದ್ದು ಒಂದು ನೀಲಿ ಪೆಟ್ಟಿಗೆಯ ಮೇಲೆ. ಒಳಗೆ ಇನ್ನೊಂದು ಜೊತೆ ಕಾಲು. ಅವು ಮನೆಯಲ್ಲಿ, ಬೀದಿಯಲ್ಲಿ, ಹೆಂಡತಿಯ ಪಕ್ಕದಲ್ಲಿ ನಡೆಯಲಿಕ್ಕೆ ಸರ್ಕಾರ ಕೊಟ್ಟ ಕಾಲು. ಎರಡು ವರ್ಷವಾದರೂ ಅದರ ಬೀಗ ತೆಗೆದಿರಲಿಲ್ಲ. ನರಕ್ಕೆ ಒಮ್ಮೆಗೆ ಒಂದೇ ಜೊತೆ ಕಾಲಿನ ಪಾಠ ಹತ್ತುತ್ತದೆ ಎಂದು ಶೆಣೈ ಮೇಡಂ ಮೊದಲೇ ಹೇಳಿದ್ದರು. ಮನೆಯ ಕಾಲು ಬೇಕೆಂದರೆ ಬೆಟ್ಟದ ಕಾಲಿನ ಸಂಪರ್ಕ ಮುಚ್ಚಬೇಕು, ಆರು ವಾರ ಹೊಸ ಪಾಠ ಮಾಡಬೇಕು. ಒಮ್ಮೆ ಮುಚ್ಚಿದರೆ ಮತ್ತೆ ಬೆಟ್ಟಕ್ಕೆ ಹೋಗಲಾಗದು.

“ರೀ, ಆ ಪೆಟಗಿ ತಗೀರಿ ಅಂದ್ರ ತಗಿಯಂಗಿಲ್ಲ,” ಎಂದಳು ಕಸ್ತೂರಿ ಆವತ್ತೂ. “ನಿಮ್ಮ ಕಾಲು ಯಾವದೋ ದೇಶದಾಗ ತಿರಗ್ತಾವ. ನಾ ಇಲ್ಲಿ ಖಾಲಿ ಜಾಗಾಕ್ಕ ಕೌದಿ ಹೊಚ್ಚಾಕತ್ತೀನಿ. ಇದೆಂಥ ಬಾಳೇವು ಹೇಳ್ರಿ?”

“ಇನ್ನ ಸ್ವಲ್ಪ ದಿನ ತಡಿ.”

“ಎರಡ ವರ್ಷ ಆತು ನಿಮ್ಮ ಸ್ವಲ್ಪ ದಿನ. ಏನೈತಿ ಅಲ್ಲಿ ಅಂಥಾದ್ದು?”

ದುಂಡಪ್ಪ ಕೌದಿಯ ಅಂಚು ಎಳೆದುಕೊಂಡ. ಅಲ್ಲಿ ಇದ್ದದ್ದು ಸಿದ್ರಾಯಿ. ಅದನ್ನು ಬಾಯಿಬಿಟ್ಟು ಹೇಳಿದರೆ, ‘ಬದುಕಿದ ನನಗಿಂತ ಸತ್ತ ಆತ ಹೆಚ್ಚಾದನೇನು’ ಎಂದು ಆಕೆ ಕೇಳಿಯಾಳೆಂಬ ಹೆದರಿಕೆ. ಕೇಳಿದರೆ ಏನು ಹೇಳುವುದೆಂದು ಅವನಿಗೇ ತಿಳಿದಿರಲಿಲ್ಲ.

ಸಿದ್ರಾಯಿ ಮಗದುಮ್ಮ ರಾಯಬಾಗದ ಕಡೆಯವನು. ಒಂದೇ ಪಲ್ಟನ್ನು, ಒಂದೇ ಬಂಕರು, ಹಿಮದ ಮೇಲೆ ಹೊರಟರೆ ಒಂದೇ ಹಗ್ಗದ ಎರಡು ತುದಿ. ಹತ್ತು ಜನ ಮಲಗುವ ಬಂಕರಿನಲ್ಲಿ ಒಬ್ಬರ ಕಾಲು ಒಬ್ಬರಿಗೆ ತಾಗದೆ ಇರುವುದು ಸಾಧ್ಯವೇ ಇಲ್ಲ. ದುಂಡಪ್ಪನಿಗೋ ಅಜ್ಜಿ ಕಲಿಸಿದ ಚಾಳಿ: ಕಾಲು ಯಾರಿಗಾದರೂ ತಾಗಿದರೆ ಸಾಕು, ತಟ್ಟನೆ ಬಗ್ಗಿ ಅವರನ್ನು ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳಬೇಕು. ಎಲ್ಲರಿಗೂ ಕಲಿಸಿರುತ್ತಾರೆ, ದೊಡ್ಡವರಾದ ಮೇಲೆ ಎಲ್ಲರೂ ಅರ್ಧಂಬರ್ಧ ಮಾಡುತ್ತಾರೆ. ದುಂಡಪ್ಪನದು ಮಾತ್ರ ಪೂರ್ತಿ. ನಿದ್ದೆಗಣ್ಣಿನಲ್ಲೂ ಅವನ ಕೈ ತಪ್ಪುತ್ತಿರಲಿಲ್ಲ. ಇದು ಗೊತ್ತಾದದ್ದೇ ತಡ ಸಿದ್ರಾಯಿಗೆ ಒಂದು ಆಟ ಸಿಕ್ಕಿತು. ದುಂಡಪ್ಪ ಚಹಾ ಮಗ್ ಹಿಡಿದು ಬರುವ ದಾರಿಯಲ್ಲಿ ಬೇಕೆಂದೇ ಕಾಲು ಚಾಚುವುದು, ತಾಗಿದ ಕೂಡಲೇ, “ಆಶೀರ್ವಾದ ಮಗನ, ನೂರು ವರ್ಷ ಬಾಳು!” ಎನ್ನುವುದು. ಒಂದು ಭಾನುವಾರ ಹತ್ತೊಂಬತ್ತು ಸಲ ಹೀಗೆ ಮಾಡಿದ್ದ. ತಾನು ಮಾತ್ರ ಯಾರಿಗೆ ಒದ್ದರೂ ‘ಅಡ್ಡ ಯಾಕ ಬಂದಿ’ ಎನ್ನುವ ಗಿರಾಕಿ.

ಆ ದಿನ ಇಬ್ಬರೂ ಹಗ್ಗ ಕಟ್ಟಿಕೊಂಡು ಇಳಿಜಾರು ದಾಟುತ್ತಿದ್ದಾಗ ಮೇಲಿನ ಬೆಟ್ಟದಂಚಿಗೆ ಶೆಲ್ ಬಿತ್ತು. ಹಿಮ ಜಾರಿತು. ದುಂಡಪ್ಪ ಸೊಂಟದ ತನಕ ಹೂತುಹೋದ. ಹಗ್ಗ ಮಾತ್ರ ಅವನ ನಡುವಿನಿಂದ ಕೆಳಗೆ, ಹಿಮದೊಳಕ್ಕೆ ಬಿಗಿಯಾಗಿ ಹೋಗಿತ್ತು. ಸ್ವಲ್ಪ ಹೊತ್ತಿಗೆ ಅದು ಮೂರು ಸಲ ಜಗ್ಗಿತು. ಅವರ ಭಾಷೆಯಲ್ಲಿ ಮೂರು ಜಗ್ಗು ಅಂದರೆ ‘ಇದ್ದೀನಿ, ಎಳಿ’. ದುಂಡಪ್ಪ ಎಳೆದ. ಅಂಗೈ ಹರಿಯುವ ತನಕ ಎಳೆದ. ಹಗ್ಗ ಒಂದು ಗೇಣೂ ಬರಲಿಲ್ಲ. ಎರಡು ಗಂಟೆಯ ಹೊತ್ತು ಬಿಟ್ಟು ಬಿಟ್ಟು ಮೂರು ಜಗ್ಗು ಬಂದವು. ಆಮೇಲೆ ಎರಡು. ಆಮೇಲೆ ಇಲ್ಲ. ಹತ್ತೊಂಬತ್ತು ಗಂಟೆಯ ನಂತರ ಬಂದವರು ಅವನನ್ನು ಬಿಡಿಸಲು ಹಗ್ಗಕ್ಕೆ ಚಾಕು ಹಾಕಿದರು. ಅವನನ್ನು ಎತ್ತಿಕೊಂಡು ಹೊರಡುತ್ತಿದ್ದಂತೆ ಎರಡನೆಯ ಸಲ ಹಿಮ ಜಾರಿ ಹಗ್ಗದ ತುದಿಯನ್ನೂ ನುಂಗಿತು. ಕಡತದಲ್ಲಿ ಸಿದ್ರಾಯಿ ಇಂದಿಗೂ ‘ಕಾಣೆಯಾದವನು’.

ಖಚ್ಚರ್‌ನ ದಾರಿ ಅದೇ ಇಳಿಜಾರಿನ ಮೇಲೆ ಹಾಯುತ್ತಿತ್ತು. ಕೆಳಗಿನ ಉಗ್ರಾಣದಿಂದ ಮೇಲಿನ ಠಾಣೆಗೆ ಸೀಮೆಎಣ್ಣೆ, ಹಿಟ್ಟು, ಬ್ಯಾಟರಿ ಹೊತ್ತೊಯ್ಯುವಾಗ ದುಂಡಪ್ಪ ದಿನಾ ದಾರಿ ಬಿಟ್ಟು ಒಂದು ನಲವತ್ತು ಹೆಜ್ಜೆ ಆಚೆ ಹೋಗುತ್ತಿದ್ದ. ಇವತ್ತು ಒಂದು ಸಾಲು, ನಾಳೆ ಅದರ ಪಕ್ಕದ ಸಾಲು, ಕೂರಿಗೆ ಹೊಡೆದಂತೆ. ಎರಡು ವರ್ಷದಲ್ಲಿ ಆ ಇಳಿಜಾರಿನ ಮುಕ್ಕಾಲು ಪಾಲನ್ನು ಅವನು ತುಳಿದು ನೋಡಿದ್ದ.

ಪ್ರತಿ ಭಾನುವಾರ ಬೆಳಿಗ್ಗೆ ಅಥಣಿಯಿಂದ ರತ್ನವ್ವನ ಫೋನು ಬರುತ್ತಿತ್ತು. ರತ್ನವ್ವ ಸಿದ್ರಾಯಿಯ ಅಕ್ಕ. ಅಲ್ಲಿ ಖಾನಾವಳಿ ನಡೆಸುತ್ತಿದ್ದಳು. ತಮ್ಮನ ವಿಷಯ ಆಕೆ ನೇರವಾಗಿ ಎತ್ತುತ್ತಿರಲಿಲ್ಲ. ರೊಟ್ಟಿ, ಮಳೆ, ಮೊಣಕಾಲು ನೋವು ಎಲ್ಲ ಆದ ಮೇಲೆ ಕೊನೆಗೆ ಒಂದು ಮಾತು.

“ಪಂಚಮಿ ಹತ್ರ ಬಂತು ನೋಡೋ ತಮ್ಮಾ.”

“ಹೌದಕ್ಕ.”

“ಎಷ್ಟ ದೂರ ಇದ್ರೂ ರಜಾ ಹಾಕಿ ಕರಿಯಾಕ ಬರ್ತಿದ್ದ. ಇರೂದು ಒಂದ ತವರಮನಿ, ಅದಕ್ಕೂ ಕೀಲಿ ಬಿತ್ತು. ಊರ ಮಂದಿ ತಿಥಿ ದಿನಾ ಮಾಡಿ ಮುಗಸು ಅಂತಾರ. ಯಾರನ್ನ ಮುಂದ ಇಟ್ಕೊಂಡು ಮುಗಸ್ಲಿ? ಹೆಣಾ ಇಲ್ಲದ ಅಳಾಕೂ ಬರಂಗಿಲ್ಲ, ಬರ್ತಾನ ಅಂತ ಇರಾಕೂ ಆಗಂಗಿಲ್ಲ.”

“ಸಿಗ್ತಾನಕ್ಕ,” ಎಂದ ದುಂಡಪ್ಪ. ಎರಡು ವರ್ಷದಿಂದ ಹೇಳುತ್ತಿದ್ದ ಮಾತೇ. ಫೋನಿಟ್ಟ ಮೇಲೆ ಬಹಳ ಹೊತ್ತು ಅಂಗೈಯ ಗಾಯದ ಗೆರೆಗಳನ್ನು ನೋಡುತ್ತ ಕುಳಿತ.

ಮರುದಿನ ಸೋಮವಾರ ಶೆಣೈ ಮೇಡಂ ಗಾಜಿನ ಆಚೆಯಿಂದ ಎದ್ದು ಕೋಣೆಗೇ ಬಂದರು. ಕೈಯಲ್ಲಿ ಪೇಢಾದ ಪೊಟ್ಟಣ.

“ಒಳ್ಳೆ ಸುದ್ದಿ ದುಂಡಪ್ಪನವರೇ. ಬೆಟ್ಟಕ್ಕೆ ರೋಪ್‌ವೇ ಆಯ್ತಂತೆ. ಸಾಮಾನೆಲ್ಲ ಇನ್ನು ಅದರಲ್ಲೇ ಹೋಗ್ತದೆ. ಶನಿವಾರ ಖಚ್ಚರ್‌ಗಳನ್ನೆಲ್ಲ ಬಂದ್ ಮಾಡ್ತಾರೆ. ನಿಮ್ಮ ಕಾಲು ಇನ್ನು ಮನೆಗೆ.”

ದುಂಡಪ್ಪ ಪೇಢಾ ಮುಟ್ಟಲಿಲ್ಲ. “ಐದ ದಿನಾ ಅಷ್ಟೇನ್ರಿ?”

“ಎಂತ ಮಾರಾಯ್ರೆ, ಖುಷಿ ಪಡುವುದು ಬಿಟ್ಟು?” ಎಂದವರು ಅವನ ಮುಖ ನೋಡಿ ಪೊಟ್ಟಣ ಪಕ್ಕಕ್ಕಿಟ್ಟರು. ಕುರ್ಚಿ ಎಳೆದುಕೊಂಡು ಎದುರು ಕುಳಿತರು. “ನಂಗೆ ಗೊತ್ತುಂಟು, ನೀವು ದಿನಾ ದಾರಿ ಬಿಡ್ತೀರಿ. ಎರಡು ವರ್ಷದಿಂದ ವರದಿಯಲ್ಲಿ ‘ಗಾಳಿಯ ಒತ್ತಡ’ ಅಂತ ಬರೀತಾ ಇದ್ದೇನೆ. ಮೇಲಿನವರು ನಂಬಿದ್ದಾರೆ, ಪಾಪ. ಯಾಕೆ ಅಂತ ಒಂದು ದಿನವೂ ನಾನು ಕೇಳ್ಲಿಲ್ಲ. ಈಗ ಹೇಳಿ.”

ದುಂಡಪ್ಪ ಹೇಳಿದ. ಶೆಲ್, ಹಗ್ಗ, ಮೂರು ಜಗ್ಗು, ಎರಡು ಜಗ್ಗು. ಇಷ್ಟನ್ನು ಅವನು ಯಾರ ಮುಂದೂ ಪೂರ್ತಿ ಹೇಳಿರಲಿಲ್ಲ, ಹೆಂಡತಿಯ ಮುಂದೂ.

“ಉಳಿದ ಜಾಗ ಎಷ್ಟು?” ಎಂದರು ಮೇಡಂ.

“ದಿನಾ ನಲವತ್ತ ಹೆಜ್ಜಿ ಅಂದ್ರ ಇನ್ನ ಎಂಟು ತಿಂಗಳಾಗ್ತೈತ್ರಿ.”

“ಹಾಗಾದ್ರೆ ದಿನಕ್ಕೆ ನಾನೂರು ಹೆಜ್ಜೆ ಹಾಕಿ. ಗಾಳಿ ಜೋರುಂಟು ಅಂತ ಬರೀತೇನೆ.”

ಮೂರು ದಿನ ದುಂಡಪ್ಪ ಹುಚ್ಚನಂತೆ ನಡೆದ. ಸಂಜೆ ಮನೆಗೆ ಬಂದರೆ ಇಲ್ಲದ ಕಣಕಾಲು ಬಾತುಕೊಂಡಂತೆ ನೋವು. ಕಸ್ತೂರಿ ಕೇಳುವುದನ್ನೇ ಬಿಟ್ಟಿದ್ದಳು. ಕೌದಿ ಹೊದಿಸಿ, ತಟ್ಟೆ ಮುಂದಿಟ್ಟು, ಹಾಸ್ಟೆಲ್ಲಿಗೆ ಹೊರಟುಬಿಡುತ್ತಿದ್ದಳು. ಅವಳ ಸಿಟ್ಟಿಗಿಂತ ಈ ಮೌನ ಅವನಿಗೆ ಕಷ್ಟವಾಯಿತು. ಆದರೂ ಪೆಟ್ಟಿಗೆಯ ಬೀಗಕ್ಕೆ ಕೈ ಹಾಕಲಿಲ್ಲ.

ಗುರುವಾರ ಬೆಳಿಗ್ಗೆಯೇ ಹವಾಮಾನದ ಸೂಚನೆ ಬಂತು. ಮಧ್ಯಾಹ್ನದಿಂದ ಬಿರುಗಾಳಿ, ನಾಲ್ಕು ದಿನ ಯಾರೂ ಹೊರಬೀಳುವಂತಿಲ್ಲ. ಅಂದರೆ ಶನಿವಾರದ ಮಾತು ಹೋಗಿ ಅವತ್ತೇ ಕೊನೆಯ ದಿನವಾಯಿತು. ರಿಗ್ಜಿನ್ ಇಬ್ಬರು ಜವಾನರೊಂದಿಗೆ ಕೊನೆಯ ಹೊರೆಯ ಹಿಂದೆ ಬರುತ್ತಿದ್ದ. ಹನ್ನೊಂದೂಕಾಲು ಗಂಟೆಯ ಹೊತ್ತಿಗೆ ದುಂಡಪ್ಪ ದಾರಿ ಬಿಟ್ಟು ಬಲಕ್ಕೆ, ಬಂಡೆಯ ನೆರಳಿನ ಕಡೆ ಇಳಿದ. ಬೇಸಿಗೆಯ ಬಿಸಿಲಿಗೆ ಅಲ್ಲಿನ ಹಿಮ ಸಡಿಲವಾಗಿತ್ತು. ಎಡಗಾಲು ಮೊಣಕಾಲಿನ ತನಕ ಹೂತು, ಒಳಗೆ ಏನಕ್ಕೋ ತಾಗಿತು.

ಬೆಳಗಾವಿಯಲ್ಲಿ ದುಂಡಪ್ಪನ ಬಲಗೈ ಕುರ್ಚಿಯ ಹಿಡಿ ಬಿಟ್ಟಿತು. ಕೆಳಗೆ ಬಗ್ಗಿ ಗಾಳಿಯನ್ನು ಮುಟ್ಟಿತು. ಮೇಲೆ ಬಂದು ಕಣ್ಣಿಗೆ ಒತ್ತಿಕೊಂಡಿತು.

ಅದಾದ ಮೇಲೆ ಅವನಿಗೆ ಗೊತ್ತಾಯಿತು.

“ಮೇಡಂ, ನಿಲ್ಲಸ್ರಿ. ಇಲ್ಲೇ ಅದಾನ.”

ಶೆಣೈ ಮೇಡಂ ಪರದೆ ನೋಡಿದರು. ಅಂಗಾಲಿನ ಸಾವಿರದಿನ್ನೂರು ಬಿಂದುಗಳ ಒತ್ತಡವನ್ನು ಕಂಪ್ಯೂಟರ್ ಕೂಡಿಸಿ ಒಂದು ಅಂಕೆ ಮಾಡಿ ತೋರಿಸುತ್ತಿತ್ತು. “ಗಟ್ಟಿ ಮಂಜುಗಡ್ಡೆ ಅಂತ ತೋರಿಸ್ತದೆ ದುಂಡಪ್ಪನವರೇ. ಬಂಡೆಯೂ ಇರಬಹುದು.”

“ಅಲ್ರಿ. ನನ್ನ ಕೈ ಹೋತು.”

“ಕೈ ಹೋಯ್ತು ಅಂದ್ರೆ?”

ಅವನು ಅಜ್ಜಿಯ ಕಥೆ ಹೇಳಿದ. ತೊದಲಿದ. ರಿಗ್ಜಿನ್‌ನ ದನಿ ನಡುವೆ ನುಗ್ಗಿತು: ಇಲ್ಲೆಲ್ಲ ಹಳೆಯ ಡಬ್ಬ, ಮುರಿದ ಕಂಬ ಹೂತಿವೆ, ಗಾಳಿ ಏಳುತ್ತಿದೆ, ಯಂತ್ರವನ್ನು ವಾಪಸು ತಿರುಗಿಸಿ. ಬ್ಯಾಟರಿ ನಲವತ್ತು ನಿಮಿಷದ್ದು ಉಳಿದಿತ್ತು. ಠಾಣೆ ತಲುಪಲು ಇಪ್ಪತ್ತೈದು ಬೇಕು. ಮೂವರು ಮನುಷ್ಯರನ್ನು ಬಿರುಗಾಳಿಯ ಬಾಯಲ್ಲಿ ನಿಲ್ಲಿಸಿ ಅಗೆಸುವುದೆಂದರೆ ಅದರ ಜವಾಬ್ದಾರಿ ಗಾಜಿನ ಆಚೆ ಕೂತವರ ಮೇಲೆ ಬರುತ್ತಿತ್ತು.

“ಬೇಕು ಬೇಕು ಅಂತ ಎರಡು ವರ್ಷ ಹುಡುಕಿದವರು ನೀವು,” ಎಂದರು ಮೇಡಂ ಮೆಲ್ಲಗೆ. “ಮನಸ್ಸೇ ಕೈಯನ್ನು ಕಳಿಸಿರಬಹುದಲ್ಲ?”

“ಇರಬಹುದ್ರಿ,” ಎಂದ ದುಂಡಪ್ಪ. ಸುಳ್ಳು ಹೇಳಲು ಅವನಿಗೆ ಬರಲಿಲ್ಲ.

ಮೇಡಂ ಹಳೆಯ ದಾಖಲೆ ತೆರೆದರು. ಕೈ ಆಡಿದರೆ ತೊಡೆಯ ಸ್ನಾಯು ಬಿಗಿದು ಸಂಕೇತ ಕೆಡುತ್ತದೆ. ಅದಕ್ಕಾಗಿ ಕುರ್ಚಿಯಲ್ಲಿ ಕೂತವನ ಕೈಯ ಪ್ರತಿ ಚಲನೆಯೂ ದಾಖಲಾಗುತ್ತಿತ್ತು. ಎರಡು ವರ್ಷದಲ್ಲಿ ಆ ಉಕ್ಕಿನ ಪಾದ ಡಬ್ಬ, ಬಂಡೆ, ಕಂಬ, ಮಂಜುಗಡ್ಡೆಗಳಿಗೆ ಆರು ಸಾವಿರ ಸಲ ಬಡಿದಿತ್ತು. ಆರು ಸಾವಿರ ಸಲವೂ ಕೈ ಕದಲಿರಲಿಲ್ಲ. ಹೀಗೆ ಬಗ್ಗಿ, ಮುಟ್ಟಿ, ಕಣ್ಣಿಗೆ ಹೋದದ್ದು ಇದಕ್ಕೆ ಮುಂಚೆ ಒಂದೇ ಒಂದು ಸಲ. ಮೊದಲ ತಿಂಗಳು, ಉಗ್ರಾಣದ ಬಾಗಿಲಲ್ಲಿ.

“ರಿಗ್ಜಿನ್ ಸಾಬ್,” ಎಂದು ಅವರು ಹಿಂದಿಯಲ್ಲಿ ಕೇಳಿದರು, “ಎರಡು ವರ್ಷದ ಹಿಂದೆ ಉಗ್ರಾಣದಲ್ಲಿ ಈ ಯಂತ್ರ ನಿಮ್ಮನ್ನು ಮೆಟ್ಟಿತ್ತೇ?”

ಆಚೆ ಕಡೆ ಗಾಳಿಯ ಸದ್ದು. “ಹೌದು. ನಾನು ಚೀಲದ ಹಿಂದೆ ಮಲಗಿದ್ದೆ. ಬೂಟಿಗೆ ತಾಗಿತು. ನಿಮಗೆ ಹೇಗೆ ಗೊತ್ತು?”

ಕಂಪ್ಯೂಟರಿಗೆ ಒಂದು ಅಂಕೆ ಮಾತ್ರ ಸಿಗುತ್ತಿತ್ತು. ನರಕ್ಕೆ ಆ ಸಾವಿರದಿನ್ನೂರು ಬಿಂದುಗಳೂ ಸಿಗುತ್ತಿದ್ದವು. ಬೂಟಿನೊಳಗೆ ಕಾಲಿದ್ದರೆ ಅದು ಡಬ್ಬದಂತೆ ಇರುವುದಿಲ್ಲ, ಬಂಡೆಯಂತೆಯೂ ಇರುವುದಿಲ್ಲ. ದುಂಡಪ್ಪನ ನರಕ್ಕೆ ಅದು ಬಂಕರಿನಲ್ಲಿ ಸಾವಿರ ಸಲ ತಾಗಿ ತಾಗಿ ಗೊತ್ತಿತ್ತು.

“ಅಗೆಯಿರಿ,” ಎಂದರು ಶೆಣೈ ಮೇಡಂ. “ಹದಿನೈದು ನಿಮಿಷ. ಬರೆದುಕೊಳ್ಳಿ, ಆಜ್ಞೆ ನನ್ನದು.”

ಯಂತ್ರಕ್ಕೆ ಕೈಯಿರಲಿಲ್ಲ. ದುಂಡಪ್ಪ ಅದರ ಪಾದವನ್ನು ಒಂದು ಗೇಣು ಹಿಂದೆ ಸರಿಸಿ, ಗಾಳಿಗೆ ಅಡ್ಡವಾಗಿ ನಿಲ್ಲಿಸಿದ. ಅಷ್ಟೇ ಅವನ ಕೈಲಾದದ್ದು. ಮೂರು ವರ್ಷದ ಹಿಂದೆ ಹೂತು ನಿಂತಂತೆ ಈಗಲೂ ನಿಂತು ನೋಡಬೇಕಾಯಿತು. ಸಲಿಕೆಗಳು ಆಡಿದವು. ಒಂಬತ್ತನೆಯ ನಿಮಿಷಕ್ಕೆ ಬೂಟು ಕಾಣಿಸಿತು. ಹನ್ನೆರಡಕ್ಕೆ ಸೊಂಟ, ಸೊಂಟದಲ್ಲಿ ಹಗ್ಗ. ಹಗ್ಗದ ತುದಿಯಲ್ಲಿ ಚಾಕು ಹಾಕಿದ ಗುರುತು. ರಿಗ್ಜಿನ್ ಕುತ್ತಿಗೆಯ ಗುರುತಿನ ಬಿಲ್ಲೆ ಒರೆಸಿ ಹೆಸರು ಓದಿದ. ಓದುವ ಅಗತ್ಯವಿರಲಿಲ್ಲ.

“ನನ್ನ ಮ್ಯಾಲೆ ಕಟ್ರಿ,” ಎಂದ ದುಂಡಪ್ಪ.

ಸೀಮೆಎಣ್ಣೆಯ ಹೊರೆ ಇಳಿಸಿ ಸಿದ್ರಾಯಿಯನ್ನು ಚೌಕಟ್ಟಿಗೆ ಕಟ್ಟಿದರು. ಅವನದೇ ಹಗ್ಗ ಬಳಸಿದರು. ಠಾಣೆಯ ಕಡೆ ಏರು. ಬೆಳಗಾವಿಯ ಬಿಳಿ ಕೋಣೆಯಲ್ಲಿ ತೊಡೆಗೇ ಕಾಲು ಮುಗಿದ ಮನುಷ್ಯನೊಬ್ಬ ಕುರ್ಚಿಯಲ್ಲಿ ಕುಳಿತು, ಮುಂದೆ ಬಾಗಿ, ಬೆವರುತ್ತ, ಗೆಳೆಯನನ್ನು ಹೊತ್ತು ನಡೆದ. ನಾಲ್ಕು ಹೆಜ್ಜೆಗೊಮ್ಮೆ ಸಿದ್ರಾಯಿಯ ಜೋತುಬಿದ್ದ ಬೂಟು ಯಂತ್ರದ ಮೀನಖಂಡಕ್ಕೆ ಬಡಿಯುತ್ತಿತ್ತು. ಟಕ್. ಮತ್ತೆ ನಾಲ್ಕು ಹೆಜ್ಜೆ. ಟಕ್. ಆ ಪೆಟ್ಟು ಪ್ರತಿ ಸಲವೂ ದುಂಡಪ್ಪನ ಇಲ್ಲದ ಕಾಲಿಗೆ ಬಂದು ಮುಟ್ಟಿತು.

“ಈಗರ ಮುಟ್ಟಿ ಕಣ್ಣಿಗೆ ಹಚ್ಕೊಳ್ಳೋ, ಮಗನ,” ಎಂದ ದುಂಡಪ್ಪ. “ಒದಿಯಾಂವ ನೀ ಈಗ. ನಾ ಅಲ್ಲ.”

ಅವನು ನಗುತ್ತಿದ್ದನೋ ಅಳುತ್ತಿದ್ದನೋ, ಗಾಜಿನ ಆಚೆಯವರಿಗೆ ತಿಳಿಯಲಿಲ್ಲ. ಅವರು ಮೈಕು ಬಂದ್ ಮಾಡಿ ಬೇರೆ ಕಡೆ ನೋಡುತ್ತ ಕುಳಿತರು.

ಠಾಣೆಯಲ್ಲಿ ಸಿದ್ರಾಯಿಯನ್ನು ಇಳಿಸಿಕೊಂಡರು. ಭಾರ ಹೋಯಿತು. ಬ್ಯಾಟರಿಯಲ್ಲಿ ಎರಡು ನಿಮಿಷದ ಶಕ್ತಿಯಿತ್ತು. ಅಷ್ಟೂ ಹೊತ್ತು ದುಂಡಪ್ಪ ಹಿಮದ ಮೇಲೆ ಸುಮ್ಮನೆ ನಿಂತ. ಅಂಗಾಲು ಕೊರೆಯುತ್ತಿತ್ತು. ಹಾಗೆ ಕೊರೆಯುವುದನ್ನು ಇನ್ನೊಂದು ಸಲ ಅನುಭವಿಸಲು ಆಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

“ಮುಚ್ಚಲಾ?” ಎಂದರು ಮೇಡಂ.

“ಮುಚ್ರಿ.”

ಆ ಸಂಜೆ ಕಸ್ತೂರಿ ಎಂದಿನಂತೆ ಕೌದಿ ತಂದಳು. ದುಂಡಪ್ಪ ಕೈಯಡ್ಡ ಹಿಡಿದ.

“ಬ್ಯಾಡ. ಇವತ್ತ ಥಂಡಿ ಇಲ್ಲ.”

“ಮತ್ತ?”

“ಏನೂ ಇಲ್ಲ. ಕಾಲೂ ಇಲ್ಲ. ಸಿದ್ರಾಯಿ ಸಿಕ್ಕ, ಕಸ್ತೂರಿ.”

ಅವಳು ಕೌದಿ ಕೈಯಲ್ಲಿ ಹಿಡಿದೇ ನಿಂತಳು. ಎರಡು ವರ್ಷದಿಂದ ಗಂಡ ಎಲ್ಲಿಗೆ ಹೋಗಿಬರುತ್ತಿದ್ದ ಎಂಬುದು ಅವಳಿಗೆ ಆಗ ಗೊತ್ತಾಯಿತು. “ನನಗ ಒಂದ ಮಾತು ಹೇಳಬಾರದಾಗಿತ್ತೇನ್ರಿ? ನಾ ಬ್ಯಾಡ ಅಂತಿದ್ನಾ?” ಎಂದಳು. ಅವಳು ಪಕ್ಕದಲ್ಲಿ ಕುಳಿತು ಅವನ ಅಂಗೈ ಹಿಡಿದುಕೊಂಡಳು. ಆಮೇಲೆ ಎದ್ದು ಪೆಟ್ಟಿಗೆಯ ಮೇಲಿನ ಕೌದಿಗಳನ್ನೆಲ್ಲ ಇಳಿಸಿ ಬೀಗ ತೆಗೆದಳು.

ಬಿರುಗಾಳಿ ಇಳಿದ ಮೇಲೆ ಸಿದ್ರಾಯಿ ಊರಿಗೆ ಬಂದ. ರಾಯಬಾಗದ ಹತ್ತಿರದ ಅವರ ಊರಲ್ಲಿ ಮಣ್ಣಾಯಿತು, ದಿನಕರ್ಮಗಳೂ ಮುಗಿದವು. ಮಣ್ಣಿನ ದಿನ ರತ್ನವ್ವ ಅತ್ತದ್ದನ್ನು ಬರೆಯುವುದು ಬೇಡ. ಮೂರು ವರ್ಷದ ಅಳುವನ್ನು ಒಂದೇ ದಿನದಲ್ಲಿ ಅತ್ತು ಮುಗಿಸಿದಳು. ಗಾಲಿಕುರ್ಚಿಯಲ್ಲಿ ದೂರ ಕೂತಿದ್ದ ದುಂಡಪ್ಪನನ್ನು ಯಾರೂ ಮಾತನಾಡಿಸಲಿಲ್ಲ. ಅವನಿಗೂ ಯಾರ ಮಾತೂ ಬೇಕಿರಲಿಲ್ಲ.

ಕಷ್ಟ ಶುರುವಾದದ್ದು ಆಮೇಲೆ. ಬೆಳಿಗ್ಗೆ ಏಳು ಗಂಟೆಗೆ ಎಚ್ಚರವಾಗುತ್ತಿತ್ತು, ಹೋಗಲು ಬೆಟ್ಟವಿರಲಿಲ್ಲ. ಹುಡುಕಲು ಯಾರೂ ಇರಲಿಲ್ಲ. ಸಿದ್ರಾಯಿ ಸಿಗದಷ್ಟು ದಿನ ಎಲ್ಲೋ ಒಂದು ಕಡೆ ಇದ್ದ. ಸಿಕ್ಕ ಮೇಲೆ ಎಲ್ಲಿಯೂ ಇಲ್ಲವಾದ. ಹೊಸ ಕಾಲುಗಳನ್ನು ಕಟ್ಟಿಕೊಂಡು ನಿಂತರೆ ಯಾರದೋ ಸ್ಟೂಲಿನ ಮೇಲೆ ಕೂತಂತೆ ಆಗುತ್ತಿತ್ತು. ಅಂಗಾಲಿನಿಂದ ಒಂದು ಸುದ್ದಿಯೂ ಬರುತ್ತಿರಲಿಲ್ಲ. ಪಾಠ ಹತ್ತಲು ಆರು ವಾರ ಬೇಕು, ಅಲ್ಲಿಯ ತನಕ ಮನೆಯಿಂದ ಹೊರಗೆ ಹಾಕಬೇಡಿ ಎಂದು ಶೆಣೈ ಮೇಡಂ ಕಟ್ಟಪ್ಪಣೆ ಮಾಡಿದ್ದರು. ಆದರೆ ಪಂಚಮಿಗೆ ಉಳಿದದ್ದು ನಾಲ್ಕೇ ದಿನ.

“ಹಾಕ್ಕೊಳ್ರಿ,” ಎಂದಳು ಕಸ್ತೂರಿ. “ಬೀಳಾಕ ಹತ್ತಿದ್ರ ನಾ ಅದೀನಿ.”

ಅಥಣಿಯ ಖಾನಾವಳಿಯ ಮುಂದೆ ಕಾರು ನಿಂತಾಗ ಮಧ್ಯಾಹ್ನದ ಊಟದ ಗದ್ದಲ ಮುಗಿದಿತ್ತು. ಕಾರಿನಿಂದ ಬಾಗಿಲಿಗೆ ಹನ್ನೊಂದು ಹೆಜ್ಜೆ. ಹದಿನೆಂಟು ಸಾವಿರ ಅಡಿ ಎತ್ತರದಲ್ಲಿ ದಿನಾ ಸಾವಿರಗಟ್ಟಲೆ ಹೆಜ್ಜೆ ಹಾಕಿದವನು ಈ ಹನ್ನೊಂದಕ್ಕೆ ಕಾಲು ಗಂಟೆ ತೆಗೆದುಕೊಂಡ. ಒಂದು ಕೈ ಕಸ್ತೂರಿಯ ಹೆಗಲ ಮೇಲೆ, ಒಂದು ಕೈ ಗೋಡೆಯ ಮೇಲೆ. ಬಾಗಿಲ ಚೌಕಟ್ಟು ಹಿಡಿದು ನಿಂತಾಗ ಅಂಗಿ ಬೆನ್ನಿಗೆ ಅಂಟಿತ್ತು.

ರತ್ನವ್ವ ಒಲೆಯ ಮುಂದಿನಿಂದ ಎದ್ದು ಬಂದಳು. ಹಿಟ್ಟಿನ ಕೈ. ಅವನ ಮುಖ ನೋಡಿದಳು, ಆಮೇಲೆ ಕೆಳಗೆ ನೋಡಿದಳು. ಈ ಮನುಷ್ಯ ನಿಂತದ್ದನ್ನು ಆಕೆ ಎಂದೂ ಕಂಡಿರಲಿಲ್ಲ. ಎಷ್ಟು ಎತ್ತರ ಇದ್ದಾನೆಂದೂ ಗೊತ್ತಿರಲಿಲ್ಲ.

“ಅಕ್ಕಾ,” ಎಂದ ದುಂಡಪ್ಪ, “ಪಂಚಮಿಗೆ ಕರಿಯಾಕ ಬಂದೀನಿ. ಹಬ್ಬಾ ಮಾಡೂದು ಬ್ಯಾಡ, ಉಂಡಿ ಕಟ್ಟೂದು ಬ್ಯಾಡ. ಬಂದು ನಾಕ ದಿನ ನಮ್ಮ ಮನ್ಯಾಗ ಇರು.”

ರತ್ನವ್ವ ಹತ್ತಿರ ಬಂದು ಅವನ ಎರಡೂ ರಟ್ಟೆ ಹಿಡಿದಳು. ಅವನು ತೂಕ ತಪ್ಪಿದಂತಾಗಿ ಒಂದು ಹೆಜ್ಜೆ ಮುಂದಿಟ್ಟು ಹೇಗೋ ನಿಂತ. ಹಾಗೇ ನಿಂತರು ಇಬ್ಬರೂ. ಆಕೆ ಅವನ ಎದೆಗೆ ಹಣೆ ಹಚ್ಚಿ ಬಿಕ್ಕುತ್ತಿದ್ದಳು. ಅವನು ಗೋಡೆಯ ಮೇಲಿನ ಕ್ಯಾಲೆಂಡರು ನೋಡುತ್ತಿದ್ದ. ಬಹಳ ಹೊತ್ತಾಯಿತು.

ಕಸ್ತೂರಿ ಮೊದಲು ನೋಡಿದಳು. “ಅಯ್ಯ ರೀ! ಅಕ್ಕನ ಕಾಲು!”

ದುಂಡಪ್ಪ ಕೆಳಗೆ ನೋಡಿದ. ಅವನ ಬಲಗಾಲು, ಉಕ್ಕಿನದು, ರತ್ನವ್ವನ ಬರಿಗಾಲಿನ ಬೆರಳುಗಳ ಮೇಲಿತ್ತು. ಬೆರಳು ಕೆಂಪಾಗಿ ಅಂಚು ಬೆಳ್ಳಗಾಗಿತ್ತು. ಅವನಿಗೆ ಏನೂ ತಿಳಿದಿರಲಿಲ್ಲ. ಕೈ ಹೋಗಿರಲಿಲ್ಲ. ಹುಟ್ಟಿ ಬುದ್ಧಿ ಬಂದ ಮೇಲೆ ಮೊದಲ ಸಲ ಅವನ ಕೈ ತಪ್ಪಿತ್ತು.

ಗೋಡೆ ಹಿಡಿದು ಕಾಲೆತ್ತಿದ. ಬಗ್ಗಲು ಹೋಗಿ ಬೀಳುವಂತಾಯಿತು, ಕಸ್ತೂರಿ ನಡು ಹಿಡಿದಳು. ತಾನೇ ಹೇಳಿ, ತಾನೇ ಕಳಿಸಿ, ಕೈಯನ್ನು ಆಕೆಯ ಪಾದದ ತನಕ ಒಯ್ದು ಮುಟ್ಟಿದ. ಕಣ್ಣಿಗೆ ಒತ್ತಿಕೊಂಡ. ಕೈ ಒದ್ದೆಯಾಯಿತು.

“ಹೇಳಬಾರದೇನಕ್ಕ? ಇಷ್ಟೊತ್ತು ಹೆಂಗ ತಡಕೊಂಡಿ?”

ರತ್ನವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. “ಇರ್ಲಿ ಬಿಡೋ,” ಎಂದಳು. “ಭಾರ ಬಿತ್ತು ಅಂದ್ರ ಯಾರೋ ಬಂದಾರ ಅಂತ ಆತಲ್ಲ.”

ಆಮೇಲೆ ಒಲೆಯ ಬೆಂಕಿ ತೆಗೆದು, ಕೈ ತೊಳೆದುಕೊಂಡು, ಚೀಲ ತುಂಬಿಕೊಳ್ಳಲು ಒಳಗೆ ಹೋದಳು. ಹೋಗುವಾಗ ಸ್ವಲ್ಪ ಕುಂಟುತ್ತಿದ್ದಳು.